ದುಡಿಯುವವರ ಪ್ರಶ್ನೋತ್ತರ: ಶಿಶುಪಾಲನಾ ಕೇಂದ್ರ ಕೇಳುವುದು ಹೇಗೆ?

ಪ್ರಶ್ನೆ: ನಾವು ಬನಹಟ್ಟಿಯ ಪವರ್‌ಲೂಮ್ ಶೆಡ್‌ಗಳಲ್ಲಿ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಹೆಂಗಸರು. ಒಂದೊಂದು ಶೆಡ್ಡಿನಲ್ಲಿ ಎಂಟು-ಹತ್ತು ಮಂದಿ. ಕೂಸುಗಳನ್ನು ಅಲ್ಲೇ ಜೋಳಿಗೆ ಕಟ್ಟಿ ಮಲಗಿಸುತ್ತೇವೆ. ಐವತ್ತು ಮಂದಿ ಇದ್ದರೆ ಮಾತ್ರ ಶಿಶುಪಾಲನಾ ಕೇಂದ್ರ ಅಂತಾರೆ ಮಾಲೀಕರು. ಸಂಘ ಏನು ಮಾಡಬಹುದು?

ಉತ್ತರ: 50ರ ಲೆಕ್ಕ ನಿಜ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಮು ಅದನ್ನೇ ಹೇಳುತ್ತದೆ. ಆದರೆ ಹಲವು ಸಂಸ್ಥೆಗಳು ದುಡ್ಡು ಕೂಡಿಸಿ ಒಂದೇ ಕೇಂದ್ರ ನಡೆಸಬಹುದು ಎಂದೂ ಅದೇ ಕಲಮಿನಲ್ಲಿದೆ. ಹಾಗಾಗಿ ಶೆಡ್ಡಿಗೊಂದು ಕೇಳಬೇಡಿ, ಓಣಿಗೊಂದು ಕೇಳಿ. ಸಣ್ಣ ಶೆಡ್ಡಿನ ಮಾಲೀಕರನ್ನು ಕಾನೂನು ಕಟ್ಟಿಹಾಕುವುದಿಲ್ಲ, ಮಜೂರಿ ಒಪ್ಪಂದ ಕಟ್ಟಿಹಾಕುತ್ತದೆ. ಮಜೂರಿ ಮಾತುಕತೆಗೆ ಕೂಡುವಾಗಲೇ ಇದನ್ನೂ ಬೇಡಿಕೆ ಪತ್ರದಲ್ಲಿ ಸೇರಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಅದಕ್ಕೂ ಮೊದಲು ಪಟ್ಟಿ ಮಾಡಿ: ಯಾವ ಶೆಡ್ಡು, ಯಾವ ಪಾಳಿ, ಮಗುವಿನ ವಯಸ್ಸು, ಎದೆಹಾಲು ಕುಡಿಯುತ್ತದೆಯೇ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಆರೈಕೆದಾರೆ ಮತ್ತು ಸಹಾಯಕಿ, ಮಗುವೊಂದಕ್ಕೆ 10ರಿಂದ 12 ಚದರಡಿ ಜಾಗ, ಕೆಲಸದ ಸ್ಥಳದಿಂದ 500 ಮೀಟರ್ ಒಳಗೆ. ಇಪ್ಪತ್ತು ಕೂಸುಗಳಿದ್ದರೆ 200ರಿಂದ 240 ಚದರಡಿಯ ಕೋಣೆ ಬೇಕು. ಮಗ್ಗದ ಸಾಲಿಗೆ ಅಂಟಿದ ಕೋಣೆ ಕೊಡುತ್ತೇವೆಂದರೆ ಒಪ್ಪಬೇಡಿ. ಹತ್ತಿಯ ನವಿರು ಹಾಲಿನ ಬಾಟಲಿಯ ನಿಪ್ಪಲ್ ಮೇಲೂ ಕೂರುತ್ತದೆ, ಮಗ್ಗದ ಸದ್ದಿಗೆ ಕೂಸು ಬೆಚ್ಚಿಬೀಳುತ್ತದೆ, ಲಾಳಿ ಯಾವಾಗ ಹಾರಿ ಬರುತ್ತದೋ ಹೇಳಲಾಗದು.

ಬಹಳ ಕಡೆ ಎಡವುವುದು ಖರ್ಚಿನ ಹಂಚಿಕೆಯಲ್ಲಿ. ಮಗುವಿಗೆ ಇಷ್ಟು ಎಂದು ಮಾಲೀಕರಿಂದ ವಸೂಲಿ ಮಾಡಿದರೆ ಅವರು ಕೂಸಿನ ತಾಯಂದಿರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕೇಂದ್ರ ಕಡ್ಡಾಯವಿತ್ತು. ಹೆಂಗಸರನ್ನು 30 ದಾಟಿಸದಿದ್ದರೆ ಮಾಲೀಕರಿಗೆ ಖರ್ಚೇ ಇರಲಿಲ್ಲ. ಆದ್ದರಿಂದ ಮಗ್ಗಕ್ಕೆ ತಿಂಗಳಿಗೆ ಇಷ್ಟು ಎಂದು ಕಟ್ಟಿ. ಗಂಡಸರು ನಡೆಸುವ ಮಗ್ಗವೂ ಲೆಕ್ಕಕ್ಕೆ ಬರಲಿ. ಸಂಘದ ಗಂಡಸರು ಇದನ್ನು ಹೆಂಗಸರ ಬೇಡಿಕೆ ಎಂದು ಬದಿಗಿಟ್ಟರೆ ಇಡೀ ಲೆಕ್ಕವೇ ಕುಸಿಯುತ್ತದೆ. ಆ ಕೂಸುಗಳು ಅವರವೂ ಹೌದು.

ಮಾತುಕತೆ ಮುರಿದರೆ ಒಂದು ಎಚ್ಚರಿಕೆ. ಅರ್ಧಕ್ಕರ್ಧ ಮಂದಿ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೂ ಈಗ ಅದು ಮುಷ್ಕರ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಬೇಕು.

ಪ್ರಶ್ನೆ: ಬೆಳಗಾವಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ನೂರಿಪ್ಪತ್ತು ಮಂದಿ ಇದ್ದೇವೆ. ‘ಕಾಯಂ ಇರೋದು ನಲವತ್ತೇ, ಉಳಿದವರು ಗುತ್ತಿಗೆ’ ಎನ್ನುತ್ತಾರೆ.

ಉತ್ತರ: ಆ ಮಾತು ನಿಲ್ಲುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದವರೂ ಸಂಹಿತೆಯ ಪ್ರಕಾರ ನೌಕರರೇ, 50ರ ಲೆಕ್ಕಕ್ಕೆ ಅವರೂ ಸೇರುತ್ತಾರೆ. ಪಿಎಫ್ ನಂಬರು, ಇಎಸ್‌ಐ ಕಾರ್ಡು, ಸಂಬಳದ ಚೀಟಿ, ಗೇಟ್ ಪಾಸಿನ ಜೆರಾಕ್ಸ್ ಕೂಡಿಸಿಡಿ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದಾಗ ಶಿಶುಪಾಲನಾ ಕೇಂದ್ರವೆಂದು ಮಾಲೀಕರು ತೋರಿಸುವ ಕೋಣೆ ನಿಜವಾಗಿ ಬಳಕೆಯಲ್ಲಿದೆಯೇ, ದಾರದ ಪೆಟ್ಟಿಗೆ ತುಂಬಿದ ಗೋದಾಮೇ ಎಂದು ದಿನಾಂಕ ಸಹಿತ ಫೋಟೊ ಇರಲಿ. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು, ವಿಶ್ರಾಂತಿಯ ವೇಳೆಯೂ ಅದರಲ್ಲೇ ಸೇರಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ಎರಡು ಬಿಡುವು ಪ್ರತ್ಯೇಕವಾಗಿ ಉಂಟು. ಸೂಪರ್‌ವೈಸರ್ ಇವೆರಡನ್ನೂ ಕಲಸಿ ಒಂದೇ ಮಾಡುತ್ತಾನೆ, ಬಿಡಬೇಡಿ.

ಪ್ರಶ್ನೆ: ಸರ್ಕಾರದ ಕೂಸಿನ ಮನೆಗೆ ಬಿಡಬಹುದಲ್ಲ? (ಜಮಖಂಡಿ)

ಉತ್ತರ: ಅದು ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ಉದ್ಯೋಗ ಖಾತರಿಗೆ ಹೋಗುವ ತಾಯಂದಿರಿಗೆಂದು ತೆರೆದದ್ದು. ಪಟ್ಟಣದವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ‘ಪಾಲನಾ’ ಯೋಜನೆ ಬಗ್ಗೆ ಕೇಳಿ. ಆರು ತಿಂಗಳಿಂದ ಆರು ವರ್ಷದ 25 ಮಕ್ಕಳವರೆಗೆ ಒಂದು ಕೇಂದ್ರ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು. ನಿಮ್ಮ ಪಾಳಿ ಹನ್ನೆರಡು ತಾಸಿದ್ದರೆ ಉಳಿದ ನಾಲ್ಕೂವರೆ ತಾಸಿಗೆ ಆರೈಕೆದಾರೆಯ ಪಗಾರವನ್ನು ಮಾಲೀಕರು ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿ.