ಈಗಿನ ಇಲಸ್ಟ್ರೇಟರ್‌ಗಳ ಚಿತ್ರಗಳಲ್ಲಿ ಬಣ್ಣ ಗೆರೆ ಬಿಟ್ಟು ಸರಿದಂತೆ ಏಕೆ ಕಾಣುತ್ತದೆ?

ಬಹುಮಟ್ಟಿಗೆ ಅದು ರಿಸೋಗ್ರಾಫ್ ಮುದ್ರಣದ ಪ್ರಭಾವ. ಶಾಲೆ, ಕಚೇರಿಗಳಿಗೆ ಅಗ್ಗದಲ್ಲಿ ಪ್ರತಿ ತೆಗೆಯಲೆಂದು 1980ರ ದಶಕದಲ್ಲಿ ಜಪಾನಿನ ರಿಸೋ ಕಂಪನಿ ತಂದ ಯಂತ್ರವಿದು. ಕಲಾವಿದರ ಕೈಗೆ ಬಂದದ್ದು ಆಮೇಲೆ.

ಬಣ್ಣಕ್ಕೊಂದು ಡ್ರಮ್. ಅದರ ಸುತ್ತ ಸೂಕ್ಷ್ಮ ತೂತುಗಳ ಮಾಸ್ಟರ್ ಹಾಳೆ. ಆ ತೂತುಗಳಿಂದ ಶಾಯಿ ಕಾಗದಕ್ಕಿಳಿಯುತ್ತದೆ. ಇನ್ನೊಂದು ಬಣ್ಣ ಬೇಕೆಂದರೆ ಸಾಮಾನ್ಯವಾಗಿ ಅದೇ ಕಾಗದವನ್ನು ಮತ್ತೆ ಒಳಗೆ ಕಳಿಸಬೇಕು. ಆಗ ಒಂದೆರಡು ಮಿಲಿಮೀಟರ್ ಜರುಗುವುದು ಮಾಮೂಲು. ಶಾಯಿ ಅರೆಪಾರದರ್ಶಕವಾದ್ದರಿಂದ ಗುಲಾಬಿಯ ಮೇಲೆ ನೀಲಿ ಬಿದ್ದಲ್ಲಿ ನೇರಳೆ ಪುಕ್ಕಟೆ.

ಕಂಪ್ಯೂಟರಿನಲ್ಲಿ ಇದನ್ನು ತರಲು ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಬಣ್ಣಕ್ಕೊಂದು ಲೇಯರ್ (ಪದರ) ಮಾಡಿ, ಮೇಲಿನ ಬಣ್ಣ ಕೆಳಗಿನದರೊಂದಿಗೆ ಬೆರೆತು ಕಾಣುವ ಮಲ್ಟಿಪ್ಲೈ ಮೋಡ್‌ನಲ್ಲಿಟ್ಟು, ಒಂದನ್ನು ಮಾತ್ರ ತುಸು ಸರಿಸಿ. ಗೆರೆಯ ಲೇಯರ್ ಮುಟ್ಟಬೇಡಿ. ಅದು ಸರಿದರೆ ಕಣ್ಣು, ಬಾಯಿ ಕಲಸಿಹೋಗುತ್ತವೆ.