ಅಜ್ಜನ ಟ್ರಂಕಿನ ಹ್ಯಾಂಡ್‌ಬಿಲ್ಲುಗಳಿಗೆ ಕಟ್ಟು ಹಾಕಿಸುವ ಮೊದಲು

ಪ್ರಶ್ನೆ: ನಮ್ಮ ಅಜ್ಜ 1942ರಿಂದ 1950ರವರೆಗೆ ವೃತ್ತಿ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದರು. ಅವರ ಟ್ರಂಕಿನಲ್ಲಿ ಹನ್ನೊಂದು ಹ್ಯಾಂಡ್‌ಬಿಲ್ಲುಗಳೂ ಎರಡು ದೊಡ್ಡ ಗೋಡೆ ಪೋಸ್ಟರುಗಳೂ ಸಿಕ್ಕಿವೆ. ಹೆಚ್ಚಿನವು ಗುಲಾಬಿ, ಹಸಿರು, ಹಳದಿ ಬಣ್ಣದ ತೆಳು ಕಾಗದದವು, ಮಡಿಕೆಗಳಲ್ಲಿ ಹರಿದಿವೆ. ಅಜ್ಜನ ಹೆಸರಿರುವ ಒಂದು ಹ್ಯಾಂಡ್‌ಬಿಲ್ಲಿನಲ್ಲಿ ‘ಏಪ್ರಿಲ್ 14, ಭಾನುವಾರ’ ಎಂದಿದೆ, ಇಸವಿಯಿಲ್ಲ. ನೆಲಕ್ಕೆ 4 ಆಣೆ ಎಂದು ದರವಿದೆ. ಹೊಸ ಮನೆಯ ಪಡಸಾಲೆಯಲ್ಲಿ ಇವನ್ನೆಲ್ಲ ತೂಗುಹಾಕುವ ಆಸೆ. ಲ್ಯಾಮಿನೇಷನ್ ಮಾಡಿಸಿ ಪ್ಲೈವುಡ್ಡಿಗೆ ಅಂಟಿಸಿದರೆ ಗಟ್ಟಿಯಾಗಿ ಉಳಿಯುತ್ತವೆ ಎಂದು ಕಟ್ಟು ಹಾಕುವವರು ಹೇಳುತ್ತಾರೆ. ಹಾಗೆ ಮಾಡಿಸಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಮಾಡಿಸಬೇಡಿ. ಲ್ಯಾಮಿನೇಷನ್ನಿನಲ್ಲಿ ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದುಬಿಡುತ್ತದೆ. ಮುಂದೆ ಯಾವ ಪರಿಣತರೂ ಅದನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸಲಾರರು. ಪ್ಲೈವುಡ್ಡು ಮತ್ತು ಹಾರ್ಡ್‌ಬೋರ್ಡುಗಳಿಂದ ಹೊರಬರುವ ಆಮ್ಲದ ಅಂಶ ಕಾಗದವನ್ನು ಬೆನ್ನಿನಿಂದ ಕಂದಿಸುತ್ತದೆ. ಆಟದ ದಿನ ಊರಲ್ಲಿ ಹಂಚಿ ಮರುದಿನ ಮರೆಯಲೆಂದೇ ಅಚ್ಚಾದ ಇಂಥ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತದೆ. ಅದು ಬೆಳಕು ಮತ್ತು ಗಾಳಿ ತಾಗಿದಂತೆ ತಾನೇ ಹಳದಿಯಾಗಿ, ಪುಡಿಯಾಗುವಷ್ಟು ಪೆಡಸಾಗುತ್ತದೆ. ಎಂಬತ್ತು ವರ್ಷ ಇವು ಉಳಿದದ್ದು ಟ್ರಂಕಿನ ಕತ್ತಲೆಯ ಕೃಪೆಯಿಂದ ಎಂಬುದನ್ನು ಮರೆಯಬೇಡಿ.

ಆದ್ದರಿಂದ ನನ್ನ ಸಲಹೆ ತುಸು ನಿರಾಸೆ ಉಂಟುಮಾಡಬಹುದು: ಗೋಡೆಗೆ ನಕಲು, ಪೆಟ್ಟಿಗೆಗೆ ಮೂಲ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಕಾಗದದ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ನೇರ ಬಿಸಿಲು ಇಲ್ಲದಿದ್ದರೂ ಕಿಟಕಿಯ ಪಕ್ಕದ ಗೋಡೆಯ ಮೇಲೆ ಹಗಲಿನಲ್ಲಿ ಅದರ ಹತ್ತು ಪಟ್ಟು ಬೆಳಕು ಸುಲಭವಾಗಿ ಬೀಳುತ್ತದೆ. ಬಣ್ಣದ ಕಾಗದಕ್ಕೆ ಹಾಕಿದ ಗುಲಾಬಿ ಬಣ್ಣವಂತೂ ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳಬಹುದು, ಮತ್ತು ಹೋದ ಬಣ್ಣ ಮರಳುವುದಿಲ್ಲ. ಎಲ್ಲವನ್ನೂ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿದರೆ, ಕಲೆ, ಮಡಿಕೆ, ಮೊಳೆಯಚ್ಚಿನ ಒತ್ತು ಸಹಿತ ಎಲ್ಲವೂ ಅದರಲ್ಲಿ ಬರುತ್ತವೆ. ದೊಡ್ಡದು ಮಾಡಿಸುವ ಮೋಹಕ್ಕೆ ಮಾತ್ರ ಬೀಳಬೇಡಿ. ಅಂಗೈಯಗಲದ ಹ್ಯಾಂಡ್‌ಬಿಲ್ಲನ್ನು ಬಾಗಿಲಗಲ ಮಾಡಿದರೆ ಅದು ಜಾಹೀರಾತು ಫಲಕದಂತೆ ಕಾಣುತ್ತದೆ.

ಅಜ್ಜನ ಹೆಸರಿರುವ ಒಂದನ್ನಾದರೂ ಮೂಲದಲ್ಲೇ ಇಡಬೇಕೆಂಬ ಮನಸ್ಸು ನನಗೆ ಅರ್ಥವಾಗುತ್ತದೆ. ಅದಕ್ಕೆ ಬಿಸಿಲು ಬಾರದ ಒಳಗೋಡೆಯನ್ನು ಆರಿಸಿ. ಆಮ್ಲರಹಿತ ಮೌಂಟ್ ಬೋರ್ಡನ್ನು ಹಿಂದೆಯೂ, ಕಿಟಕಿಯಂತೆ ಕತ್ತರಿಸಿ ಮುಂದೆಯೂ ಇಡಿಸಿದರೆ ಕಾಗದ ಗಾಜಿಗೆ ತಾಗದು; ಗಾಜಿನ ಬದಲು ನೇರಳಾತೀತ ಕಿರಣಗಳನ್ನು ತಡೆಯುವ ಅಕ್ರಿಲಿಕ್ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಕಾಗದವನ್ನು ಪೂರ್ತಿ ಅಂಟಿಸದೆ, ಮೇಲಂಚಿನಲ್ಲಿ ಎರಡೇ ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಿಂದ ಹಿಡಿಸಿ ನೇತುಬಿಡಬೇಕು, ಏಕೆಂದರೆ ಕಾಗದ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹರಿದ ಮಡಿಕೆಗಳಿಗೆ ಸೆಲ್ಲೋಟೇಪು ಹಚ್ಚಬೇಡಿ. ಅದರ ಅಂಟು ಕಂದುಗಟ್ಟಿ ಅಕ್ಷರಗಳನ್ನೇ ನುಂಗುತ್ತದೆ. ಮನೆಯಲ್ಲೇ ಗಂಜಿ ಹಚ್ಚಿ ಸರಿಮಾಡಲೂ ಹೋಗಬೇಡಿ, ಬಣ್ಣದ ಕಾಗದ ಒಂದು ಹನಿ ನೀರಿಗೆ ಬಣ್ಣ ಬಿಡುತ್ತದೆ. ಈ ಕೆಲಸವನ್ನು ಬೆಂಗಳೂರಿನ ಇಂಟಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ಕಾಗದದ ಪರಿಣತರಿಗೆ ಒಪ್ಪಿಸುವುದು ಮೇಲು.

ಅಂಚು ಕತ್ತರಿಸಿ ‘ನೀಟು’ ಮಾಡುವ ಹುರುಪು ಕಟ್ಟು ಹಾಕುವವರಲ್ಲಿ ಹೆಚ್ಚು. ಅದನ್ನು ಮುಂಚೆಯೇ ತಡೆಯಿರಿ, ಮೌಂಟಿನ ಕಿಟಕಿಯೂ ಕೊನೆಯ ಸಾಲನ್ನು ಮುಚ್ಚದಂತೆ ಅಳತೆ ಕೊಡಿ. ಅಚ್ಚಾದ ಪ್ರತಿ ಕಾಗದದ ಮೇಲೂ ಮುದ್ರಕರ ಹೆಸರು ಮತ್ತು ಸ್ಥಳ ಇರಬೇಕೆಂದು 1867ರ ಮುದ್ರಣಾಲಯ ಕಾಯಿದೆ ವಿಧಿಸಿತ್ತು. ಹ್ಯಾಂಡ್‌ಬಿಲ್ಲಿನ ತಳದಲ್ಲಿ ಇರುವೆಸಾಲಿನಂತೆ ಕಾಣುವ ಪ್ರೆಸ್ಸಿನ ಹೆಸರು ಅದೇ. ಕಂಪನಿ ಆಗ ಯಾವ ಊರಲ್ಲಿ ಮೊಕ್ಕಾಂ ಮಾಡಿತ್ತೆಂಬ ಸುಳಿವು ಎಷ್ಟೋ ಸಲ ಅಲ್ಲಿಯೇ ಸಿಗುತ್ತದೆ.

ಇನ್ನು ನಿಮ್ಮ ಇಸವಿಯ ಒಗಟು. ಏಪ್ರಿಲ್ 14 ಭಾನುವಾರ ಬಂದದ್ದು 1935, 1940, 1946, 1957 ಮತ್ತು 1963ರಲ್ಲಿ. ದಶಮಾನ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು; ಆಣೆಯ ದರ ಅದಕ್ಕೂ ಹಿಂದಿನ ದಿನಗಳತ್ತ ಬೆರಳು ತೋರಿಸುತ್ತದೆ. ಅಜ್ಜ ಕಂಪನಿಯಲ್ಲಿದ್ದ ವರ್ಷಗಳನ್ನು ಇದಕ್ಕೆ ಹೊಂದಿಸಿದರೆ ಉಳಿಯುವುದು 1946 ಒಂದೇ. ಇದನ್ನು ಕಟ್ಟಿನ ಹಿಂದೆ ಒಂದು ಚೀಟಿಯಲ್ಲಿ ಬರೆದಿಡಿ. ಹ್ಯಾಂಡ್‌ಬಿಲ್ಲಿನ ಮೇಲೆ ಬರೆಯಬೇಡಿ.

ತೂಗುಹಾಕುವ ಜಾಗದ ಬಗ್ಗೆ ಒಂದು ಮಾತು. ಹ್ಯಾಂಡ್‌ಬಿಲ್ಲು ಚಿತ್ರವಲ್ಲ, ಓದುವ ವಸ್ತು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದ ಗುಬ್ಬಿ ಕಂಪನಿಯ ಕಾಲದಲ್ಲಿ ಜನರನ್ನು ಕರೆಯುವ ಕೆಲಸದ ಒಂದು ಪಾಲು ಈ ಅಕ್ಷರಗಳದ್ದೇ ಆಗಿತ್ತು: ನಾಟಕದ ಹೆಸರು ಗೇಣುದ್ದ, ನಟರ ಹೆಸರು ಅದಕ್ಕಿಂತ ಸಣ್ಣದು, ನೆಲದ ದರ ಕೊನೆಯಲ್ಲಿ. ಆದ್ದರಿಂದ ಇವನ್ನು ಸೋಫಾದ ಹಿಂದೆ ಎತ್ತರದಲ್ಲಿ ಹಾಕದೆ, ಜನ ನಿಂತು ಓದಬಲ್ಲ ನಡುಮನೆಯ ಓಣಿಯಂಥ ಜಾಗದಲ್ಲಿ, ನೆಲದಿಂದ ಸುಮಾರು 145 ಸೆಂಟಿಮೀಟರಿಗೆ ನಡುಭಾಗ ಬರುವಂತೆ ತೂಗುಹಾಕಿ. ಹನ್ನೊಂದನ್ನೂ ಒಂದೇ ಗೋಡೆಗೆ ತುರುಕಬೇಡಿ, ನಾಲ್ಕೈದು ಸಾಕು. ಪಡಸಾಲೆಗೆ ದೊಡ್ಡ ಪೋಸ್ಟರುಗಳ ನಕಲು ಒಪ್ಪುತ್ತದೆ. ಚೌಕಟ್ಟಿಗೆ ಸಪೂರವಾದ ಕಪ್ಪು ಅಥವಾ ಮರದ ಬಣ್ಣದ ಪಟ್ಟಿ ಸಾಲದೆಂದು ನನಗನ್ನಿಸಿಲ್ಲ. ಚಿನ್ನದ ಬಣ್ಣದ ಬೀಡಿಂಗ್ ದೇವರ ಪಟಕ್ಕಿರಲಿ.

ಪ್ರಶ್ನೆ: ಹಳೆಯ ಯಕ್ಷಗಾನ ಮೇಳದ ಮೂರು ಬಣ್ಣದ ಪೋಸ್ಟರುಗಳಿಗೆ ಕಟ್ಟು ಹಾಕಿಸಿ ಐದು ವರ್ಷವಾಯಿತು. ಕಳೆದ ಮಳೆಗಾಲದಿಂದ ಕಂದು ಚುಕ್ಕೆಗಳು ಬಂದಿವೆ, ಒಂದು ಗಾಜಿಗೆ ಅಂಟಿಕೊಂಡಿದೆ. ಕಿತ್ತು ಬಿಸಿಲಿಗೆ ಹಾಕಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಎರಡೂ ಬೇಡ. ಗಾಜಿಗೆ ಅಂಟಿದ ಪೋಸ್ಟರನ್ನು ಎಳೆದರೆ ವೇಷದ ಮುಖ ಗಾಜಿನ ಮೇಲೆಯೇ ಉಳಿದೀತು; ಅದನ್ನು ಗಾಜಿನ ಸಮೇತ ಪರಿಣತರಿಗೆ ಕೊಡಿ. ಚುಕ್ಕೆಗಳು ತೇವದಿಂದ ಬಂದವು, ಹೆಚ್ಚಾಗಿ ಬೂಸ್ಟಿನ ಕೆಲಸ. ಉಳಿದೆರಡನ್ನು ಬಿಚ್ಚಿ, ಫ್ಯಾನಿನ ಗಾಳಿ ಆಡುವ ನೆರಳಿನಲ್ಲಿ ಒಣಗಿಸಿ, ಹಿಂದಿನ ಹಾರ್ಡ್‌ಬೋರ್ಡನ್ನು ಎಸೆದು, ಗಾಜಿಗೂ ಕಾಗದಕ್ಕೂ ನಡುವೆ ಸಂದು ಬರುವಂತೆ ಮೌಂಟ್ ಇರಿಸಿ ಮತ್ತೆ ಕಟ್ಟಿಸಿ. ಬೇವಿನೆಲೆ, ನುಸಿಗುಳಿಗೆಗಳನ್ನು ಚೌಕಟ್ಟಿನೊಳಗೆ ಇಡಬೇಡಿ, ಕಲೆ ಉಳಿಯುತ್ತದೆ. ಹಿಂದಿನ ಕೆಳಮೂಲೆಗಳಿಗೆ ಎರಡು ಬೆಣೆ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ. ಮಳೆಯ ಇರಚಲು ಹೊಡೆಯುವ ಹೊರಗೋಡೆಯಲ್ಲಿ ಇವು ಇರುವುದಾದರೆ, ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಹೊತ್ತಿಗೆ ನೀವೂ ಪಟಗಳನ್ನು ಇಳಿಸಿ ಒಳಕೋಣೆಗೆ ಒಯ್ಯಿರಿ. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಮತ್ತೆ ತೂಗುಹಾಕಬಹುದು.