ಬರೀ ಸೈಟ್ ಕೊಟ್ರೆ ಬಡವರು ಮನೆ ಕಟ್ಕೋತಾರಾ?

ಪ್ರಶ್ನೆ: ಸರ್, ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಹೋಗ್ತೀನಿ, ನಮ್ಮ ಯಜಮಾನ್ರು ಗಾರೆ ಕೆಲಸ. ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಸರ್ಕಾರ ಫ್ಲ್ಯಾಟ್ ಕೊಡೋ ಬದ್ಲು ಒಂದು 20×30 ಸೈಟ್ ಕೊಟ್ರೆ ನಾವೇ ಕಟ್ಕೋತೀವಿ ಅನ್ಸುತ್ತೆ. ನಮ್ಮಣ್ಣ ಮಾತ್ರ ಸೈಟ್ ಕೊಟ್ರೆ ಎಲ್ರೂ ಮಾರ್ಕೊಂಡು ಹೋಗ್ತಾರೆ ಅಂತಾನೆ. ಬೇರೆ ದೇಶಗಳಲ್ಲಿ ಹೀಗೆ ಮಾಡಿದಾರಾ?

ಉತ್ತರ: ತಂಗಿ, ನಾನು ನಿಮ್ಮ ಕಡೇನೇ. ಇಷ್ಟು ವರ್ಷ ಲೇಔಟ್ ಪ್ಲಾನಿಂಗ್ ಮಾಡಿ ನನಗೆ ಮನದಟ್ಟಾಗಿರೋದು ಏನಂದ್ರೆ, ಗೋಡೆ ಎಬ್ಬಿಸೋದು ನಿಮ್ಮ ಯಜಮಾನ್ರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ಆದ್ರೆ ರಸ್ತೆ, ಯುಜಿಡಿ ಅಂದ್ರೆ ಒಳಚರಂಡಿ ಲೈನು, ನೀರಿನ ಪೈಪು, ಹಕ್ಕುಪತ್ರ ಇವನ್ನ ಯಾವ ಮನೆಯವ್ರೂ ಒಬ್ಬೊಬ್ಬರೇ ಮಾಡ್ಕೊಳ್ಳೋಕಾಗಲ್ಲ, ಅಷ್ಟನ್ನ ಸರ್ಕಾರ ಮೊದ್ಲು ಮಾಡಿ ಜಾಗ ಕೈಗೆ ಕೊಡಬೇಕು. ಬರೀ ಕಲ್ಲು ನೆಟ್ಟು ಸುಣ್ಣದ ಗೆರೆ ಎಳೆದು ಕೊಡೋದನ್ನ ನಾನು ಸೈಟ್ ಅನ್ನೋದೇ ಇಲ್ಲ. ನಮ್ಮೂರಿಗೆ ಇದೇನು ಹೊಸದಲ್ಲ, ಪ್ಲೇಗ್ ಕಾಟ ಕಂಡ ಮೇಲೆ 1903ರಲ್ಲೇ ಇಲ್ಲಿ ಹೊಸ ಬಡಾವಣೆ ಮಾಡೋಕೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿತ್ತು.

ಹೊರಗಡೆ ಕಥೆ ಹೇಳ್ತೀನಿ. 1972ರಲ್ಲಿ ಸೆನೆಗಲ್ ದೇಶದ ಡಾಕಾರ್‌ನಲ್ಲಿ ಇಂಥ ಸೈಟುಗಳಿಗೆ ವಿಶ್ವಬ್ಯಾಂಕ್ ಮೊದಲ ಸಾಲ ಕೊಡ್ತು. ಆಮೇಲೆ ಕೀನ್ಯಾದ ನೈರೋಬಿ ಹತ್ರ ದಾಂಡೋರಾದಲ್ಲಿ ಸುಮಾರು 6,000 ಸೈಟು, ಒಂದೊಂದ್ರಲ್ಲೂ ಟಾಯ್ಲೆಟ್ಟು ಬಚ್ಚಲು ಕಟ್ಟಿ ನೀರಿನ ಕನೆಕ್ಷನ್ ಸಮೇತ ಕೊಟ್ರು. ಜನ ರೂಮುಗಳನ್ನ ಕಟ್ಟಿ ಬಾಡಿಗೆಗೆ ಬಿಟ್ರು. ಅಧಿಕಾರಿಗಳಿಗೆ ಅದು ತಪ್ಪಾಗಿ ಕಾಣಿಸ್ತು, ನನಗೆ ಹಾಗನ್ಸಲ್ಲ, ಬ್ಯಾಂಕ್ ಸಾಲ ಹುಟ್ಟದವ್ರಿಗೆ ಆ ಬಾಡಿಗೆ ದುಡ್ಡೇ ಮುಂದಿನ ರೂಮಿನ ಇಟ್ಟಿಗೆ ಸಿಮೆಂಟು ಕಣ್ರೀ.

ನಮ್ಮ ದೇಶದಲ್ಲೂ ಚೆನ್ನೈನ ಅರುಂಬಾಕ್ಕಂ, ಮುಂಬೈನ ಚಾರ್ಕೋಪ್ ಇದೇ ಥರ ಬೆಳೆದಿದ್ದು. ನನಗೆ ಬಹಳ ಇಷ್ಟ ಅಂದ್ರೆ ಇಂದೋರ್‌ನ ಅರಣ್ಯ ಬಡಾವಣೆ. ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ 1980ರ ದಶಕದಲ್ಲಿ ಪ್ಲಾನ್ ಮಾಡಿದ್ದು, ಸುಮಾರು 6,500 ಸೈಟು, ಅದ್ರಲ್ಲಿ ನೂರಕ್ಕೆ 65 ತೀರಾ ಬಡವರಿಗೆ. ಚಿಕ್ಕ ಸೈಟು ಬರೀ 35 ಚದರ ಮೀಟರು, ಅಂದ್ರೆ ನೀವು ಕೇಳ್ತಿರೋ 20×30ಕ್ಕಿಂತ ಎಷ್ಟೋ ಚಿಕ್ಕದು. ಪಾಯ, ಟಾಯ್ಲೆಟ್ಟು, ಬಚ್ಚಲು ಹಾಕಿ ಕೊಟ್ರು, ಮಿಕ್ಕಿದ್ದು ಕೈಲಾದಾಗ ಕಟ್ಕೊಳ್ಳಿ ಅಂತ. ಅದೇ ಲೇಔಟಲ್ಲಿ ದೊಡ್ಡ ಸೈಟು, ಅಂಗಡಿ ಜಾಗ ಇವನ್ನ ಒಳ್ಳೇ ರೇಟಿಗೆ ಮಾರಿ ಬಡವರ ಸೈಟಿನ ಖರ್ಚು ತೂಗಿಸಿದ್ರು.

ಟಾಂಜಾನಿಯಾದ ಏಳು ಊರುಗಳಲ್ಲಿ 1970-80ರ ದಶಕದಲ್ಲಿ ಹೀಗೆ ಮಾಡಿದ ಬಡಾವಣೆಗಳನ್ನ ಎಷ್ಟೋ ವರ್ಷದ ಮೇಲೆ ಸಂಶೋಧಕರು ಸ್ಯಾಟಲೈಟ್ ಫೋಟೋ ಇಟ್ಕೊಂಡು ನೋಡಿದ್ರು. ಖಾಲಿ ಜಾಗಕ್ಕೆ ಮೊದ್ಲೇ ರಸ್ತೆ ನೀರು ಕೊಟ್ಟ ಕಡೆ ಮನೆಗಳು ದೊಡ್ಡದಾಗಿ ಸಾಲಾಗಿ ಬಂದಿದ್ವು, ಜನ ಕಟ್ಕೊಂಡ ಮೇಲೆ ಹೋಗಿ ರಿಪೇರಿ ಮಾಡಿದ ಕಡೆ ಅಷ್ಟು ಚೆನ್ನಾಗಿರಲಿಲ್ಲ. ಆದ್ರೆ ಕಾಲ ಕಳೀತಾ ಇಂಥ ಕಡೆ ಹೆಚ್ಚು ಓದಿರೋರು ಬಂದು ಸೇರ್ಕೊಂಡ್ರು ಅನ್ನೋದೂ ಅದ್ರಲ್ಲಿದೆ, ಹಾಗಾಗಿ ನಿಮ್ಮಣ್ಣ ಹೇಳೋದು ಪೂರ್ತಿ ಸುಳ್ಳಲ್ಲ.

ಜನ ಯಾಕೆ ಮಾರ್ತಾರೆ ಅಂತ ನೋಡಬೇಕು. ಜಮೀನು ಅಗ್ಗ ಅಂತ ಊರಿಂದ ಹದಿನೈದು ಕಿಲೋಮೀಟರ್ ಆಚೆ ಸೈಟ್ ಕೊಟ್ರೆ ನೀವು ಬೆಳಗಿನ ಶಿಫ್ಟಿಗೆ ಯಾವ ಬಸ್ಸಲ್ಲಿ ಬರ್ತೀರಿ? ನಲ್ಲೀಲಿ ನೀರಿಲ್ಲ, ಇಂತಿಷ್ಟು ವರ್ಷದೊಳಗೆ ಕಟ್ಟಿ ಮುಗಿಸ್ಬೇಕು ಅಂತ ಕಂಡೀಷನ್ನು ಬೇರೆ, ಮಾರ್ದೆ ಇನ್ನೇನ್ ಮಾಡ್ತಾರೆ.

ಮೈಸೂರಾಚೆ ಸರ್ಕಾರದ ಆಶ್ರಯ ಯೋಜನೆಯ ಒಂದು ಲೇಔಟಲ್ಲಿ ನಾನು ಆಗಾಗ ಹೋಗೋ ಮನೆ ಒಂದಿದೆ. ಮೊದ್ಲು ಹಿಂದುಗಡೆ ಒಂದೇ ರೂಮು, ಮೇಲೆ ಶೀಟು, ಗಾಳಿಗೆ ಹಾರದಂಗೆ ಕಲ್ಲು ಹೇರಿದ್ರು. ಆರು ವರ್ಷ ಆದ್ಮೇಲೆ ಮುಂದೆ ಅಡುಗೆಮನೆ, ಇನ್ನೂ ಐದು ವರ್ಷಕ್ಕೆ ಮೋಲ್ಡು. ಈಗ್ಲೂ ತಾರಸಿ ಮೇಲೆ ಪಿಲ್ಲರ್ ಕಂಬಿ ನಿಂತಿದಾವೆ, ತುಕ್ಕು ಹಿಡೀಬಾರದು ಅಂತ ಆಯಮ್ಮ ಒಂದೊಂದು ಕಂಬೀಗೂ ನೀರಿನ ಬಾಟ್ಲಿ ಬೋರಲಾಗಿ ಸಿಗಿಸಿದಾರೆ, ಮಗನ ಮದುವೆ ಹೊತ್ತಿಗೆ ಮೇಲೊಂದು ರೂಮು ಎಬ್ಬಿಸ್ಬೇಕಂತೆ. ಹೀಗೆ ಕಟ್ಟೋರಿಗೆ ಕಾಲಾವಕಾಶ ಕೊಡಬೇಕು.

ನಿಮ್ಮ ವಿಷಯಕ್ಕೆ ಬರೋದಾದ್ರೆ, 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ತಾವೇ ಕಟ್ಕೊಳ್ಳೋ ಬಡವರಿಗೆ ಕೇಂದ್ರದಿಂದ 1.5 ಲಕ್ಷ ಇಟ್ಟಿದ್ರು, ಅಂದ್ರೆ ಜಾಗ ಇದ್ರೇನೇ ಮುಂದಿನ ಸಹಾಯ. ಆದ್ರೆ ಆತುರಕ್ಕೆ ಬಿದ್ದು ಕಂತಿನ ಮೇಲೆ ಸಿಗುತ್ತೆ ಅಂತ ರೆವಿನ್ಯೂ ಸೈಟ್, ಅಂದ್ರೆ ಲೇಔಟ್ ಅಪ್ರೂವಲ್ ಇಲ್ದೆ ಹೊಲ ತುಂಡು ಮಾಡಿ ಮಾರೋ ಜಾಗ ತಗೋಬೇಡಿ, ದಯವಿಟ್ಟು. ಎಲ್ಲೇ ಜಾಗ ನೋಡಿದ್ರೂ ಲೇಔಟ್ ಅಪ್ರೂವಲ್ಲು, ಖಾತೆ, ಇಸಿ (ಜಾಗದ ಮೇಲಿನ ಸಾಲ, ಮಾರಾಟದ ವಿವರ ಇರೋ ಋಣಭಾರ ಪತ್ರ) ಮೂರನ್ನೂ ತಗೊಂಡು ವಕೀಲ್ರಿಗೆ ತೋರ್ಸಿ, ಆಮೇಲೆ ಒಂದು ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ನಿಮ್ಮ ಯಜಮಾನ್ರನ್ನೂ ಕರ್ಕೊಂಡು ಹೋಗಿ ಅಲ್ಲಿ ನೀರು ಯಾವ ಕಡೆ ಹರಿದು ಹೋಗಿದೆ ಅಂತ ನೋಡ್ಕೊಂಡು ಬನ್ನಿ.